'ಟ್ರಿಮ್': ಅರ್ಥ ಮತ್ತು ಬಳಕೆ

ಆಂಗ್ಲ ಭಾಷೆಯ 'ಟ್ರಿಮ್' ಎಂಬ ಕ್ರಿಯಾಪದಕ್ಕೆ 'ಕತ್ತರಿಸು' ಎಂದಷ್ಟೇ ಅರ್ಥ ಹೇಳಿ ಮುಂದೆ ಸಾಗುವುದು ವಾಡಿಕೆ. ಇದರ ಮೂಲವೆಂದು ಎಣಿಸಲಾಗುವ ಪ್ರಾಚೀನ ಆಂಗ್ಲದ 'ಟ್ರಿಮ್ಮನ್' ಪದಕ್ಕಾದರೋ ಬಲಪಡಿಸು, ಅಣಿಗೊಳಿಸು ಎಂಬ ಅರ್ಥಗಳಿದ್ದವು. ಕತ್ತರಿ ಅನಂತರ ಬಂದು ಸೇರಿತು. ಆದಕಾರಣ ಗಡ್ಡವನ್ನು ಟ್ರಿಮ್ ಮಾಡಿದರೆ ಕೂದಲು ಕಡಿಮೆಯಾಗುತ್ತದೆ. ಉಡುಪನ್ನು ಲೇಸಿನಿಂದ ಟ್ರಿಮ್ ಮಾಡಿದರೆ ಅಂಚಿಗೆ ಲೇಸು ಕೂಡುತ್ತದೆ. ಹಾಯಿಯನ್ನು ಟ್ರಿಮ್ ಮಾಡುವ ನಾವಿಕನು ಏನನ್ನೂ ಕತ್ತರಿಸುವುದಿಲ್ಲ, ಗಾಳಿಗೆ ತಕ್ಕಂತೆ ಹೊಂದಿಸುತ್ತಾನೆ.

ಅನುವಾದಕನಿಗೆ ತೊಡಕಾಗುವುದು ಮರಗಳ ವಿಷಯದಲ್ಲಿ. ವಿದ್ಯುತ್ ತಂತಿಗೆ ತಾಗುವ ಮರಗಳನ್ನು ಟ್ರಿಮ್ ಮಾಡಬೇಕೆಂಬ ಸೂಚನೆಯನ್ನು ನಾನೊಮ್ಮೆ 'ಮರಗಳನ್ನು ಕಡಿಯತಕ್ಕದ್ದು' ಎಂದು ಬರೆದಿದ್ದೆನು. ಕರಡನ್ನು ತಿದ್ದಿದ ಹಿರಿಯರು ಗಮನಿಸದಿದ್ದಲ್ಲಿ ಕೊಡಲಿ ಬುಡಕ್ಕೇ ಬೀಳುತ್ತಿತ್ತು. 'ರೆಂಬೆಗಳನ್ನು ಸವರತಕ್ಕದ್ದು' ಎಂದರೆ ಸಂದೇಹಕ್ಕೆ ಎಡೆಯಿಲ್ಲ. ಗಿಡಗಳ ಬೇಲಿಗೂ 'ಸವರು' ಸಲ್ಲುತ್ತದೆ; ಉಗುರಿಗೆ 'ಕತ್ತರಿಸು', ದೀಪದ ಬತ್ತಿಗೆ 'ಕರಿ ತೆಗೆ', ವೆಚ್ಚಕ್ಕೆ 'ತಗ್ಗಿಸು'. ದ್ರಾಕ್ಷಿಯ ಬಳ್ಳಿಗೆ ಆಂಗ್ಲರು 'ಪ್ರೂನ್' ಎಂಬ ಬೇರೆ ಪದವನ್ನೇ ಇರಿಸಿಕೊಂಡಿದ್ದಾರೆ. ಏಪ್ರಿಲಿನಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ ನಡೆಯುವ ಈ ಕೆಲಸವನ್ನು ವಿಜಯಪುರದ ರೈತರು 'ಚಾಟ್ನಿ' ಎನ್ನುತ್ತಾರೆ. ಪುಣೆಯ ವಾಚಕರು ಇದರಲ್ಲಿ ಮರಾಠಿಯ 'ಛಾಟಣಿ'ಯನ್ನು ಗುರುತಿಸಬಹುದು.