ಮಡಕೆಯೊಳಗೆ ಏನಿತ್ತು?

ಮಕ್ಕಳೇ, ಸುಮಾರು 1,500 ವರ್ಷ ಹಳೆಯದಾದ ಒಂದು ಮಡಕೆ ನಿಮಗೆ ಸಿಕ್ಕಿತೆನ್ನಿ. ಅದರಲ್ಲಿ ಏನು ತುಂಬಿಡುತ್ತಿದ್ದರು ಎಂದು ಹೇಗೆ ಕಂಡುಹಿಡಿಯುವಿರಿ?

ಮಧ್ಯ ಅಮೆರಿಕದ ಗ್ವಾಟೆಮಾಲ ದೇಶದ ಕಾಡಿನಲ್ಲಿ ರಿಯೊ ಅಜುಲ್ ಎಂಬ ಪಾಳುಬಿದ್ದ ಊರಿದೆ. ಅದು ಮಾಯಾ ಜನರ ಊರು. ಹಳೆಯ ಮಡಕೆಗಳನ್ನು ಮಾರುವ ಆಸೆಯಿಂದ ಕಳ್ಳರು ಅಲ್ಲಿನ ಎಷ್ಟೋ ಗೋರಿಗಳನ್ನು ಅಗೆದು ಬರಿದು ಮಾಡಿದ್ದರು. ಆದರೆ 1984ರಲ್ಲಿ ಅವರ ಕಣ್ಣಿಗೆ ಬೀಳದೆ ಉಳಿದಿದ್ದ ಒಂದು ಗೋರಿ ಪುರಾತತ್ತ್ವಜ್ಞರಿಗೆ ಸಿಕ್ಕಿತು.

ಅದರಲ್ಲಿದ್ದ ಮಡಕೆಗಳಲ್ಲಿ ಒಂದು ಬಲು ಸೋಜಿಗದ್ದು. ಬುಟ್ಟಿಗಿರುವಂತೆ ಮೇಲೊಂದು ಹಿಡಿ. ಮುಚ್ಚಳವನ್ನು ತಿರುಗಿಸಿದರೆ ಬಿಗಿಯಾಗಿ ಕೂರುತ್ತದೆ, ನಮ್ಮ ಉಪ್ಪಿನಕಾಯಿ ಬಾಟಲಿಯಂತೆ! ಹೊರಮೈಗೆ ಸುಣ್ಣದ ಗಾರೆಯ ತೆಳು ಲೇಪ, ಅದರ ಮೇಲೆ ಬಣ್ಣದ ಬರಹ. ಮಾಯಾ ಕುಂಬಾರರು ತಿಗರಿಯನ್ನು ಬಳಸುತ್ತಿರಲಿಲ್ಲ ಎಂಬುದು ನೆನಪಿರಲಿ. ಜೇಡಿಮಣ್ಣನ್ನು ಹಗ್ಗದಂತೆ ಹೊಸೆದು, ಸುರುಳಿ ಸುತ್ತಿ ಮಡಕೆಯನ್ನು ಎಬ್ಬಿಸುತ್ತಿದ್ದರು.

ಮಾಯಾ ಲಿಪಿಯಲ್ಲಿ ಚಿತ್ರದಂತಹ ಗುರುತುಗಳಿವೆ. ಕೆಲವು ಇಡೀ ಪದವನ್ನು ಹೇಳಿದರೆ, ಕೆಲವು ನಮ್ಮ ‘ಕ’, ‘ವ’ಗಳಂತೆ ಒಂದೊಂದು ಉಚ್ಚಾರವನ್ನು ಹೇಳುತ್ತವೆ. ಈ ಮಡಕೆಯ ಮೇಲಿದ್ದ ಮೀನಿನಾಕಾರದ ಗುರುತು ‘ಕ’. ಲಿಪಿತಜ್ಞ ಡೇವಿಡ್ ಸ್ಟುವರ್ಟ್ ಪೂರ್ತಿ ಪದವನ್ನು ‘ಕಕವ್’ ಎಂದು ಓದಿದರು. ಹಾಗೆಂದರೆ ಕೋಕೋ!

ಓದಿದ್ದು ಸರಿಯೇ? ಒಳಗೆ ಒಣಗಿ ಅಂಟಿದ್ದ ಕರೆಯನ್ನು ಕೆರೆದು ಅಮೆರಿಕದ ಹರ್ಷೀ ಚಾಕೊಲೇಟ್ ಕಂಪನಿಯ ಪ್ರಯೋಗಾಲಯಕ್ಕೆ ಕಳುಹಿಸಿದರು. ಅದರಲ್ಲಿ ಥಿಯೋಬ್ರೊಮಿನ್ ಮತ್ತು ಕೆಫೀನ್ ಎಂಬ ಎರಡು ರಾಸಾಯನಿಕಗಳು ಸಿಕ್ಕವು. ಮಾಯಾ ನಾಡಿನಲ್ಲಿ ಇವೆರಡೂ ಒಟ್ಟಿಗೆ ದೊರೆಯುವುದು ಕೋಕೋ ಬೀಜದಲ್ಲಿ. ನಮ್ಮ ದಕ್ಷಿಣ ಕನ್ನಡದ ಅಡಿಕೆ ತೋಟಗಳ ನಡುವೆ ಬೆಳೆಯುವ ಕೋಕೋ ಗಿಡದ ಮೂಲವೂ ಅಮೆರಿಕ ಖಂಡವೇ.

ಮಾಯಾ ಜನರು ಕೋಕೋವನ್ನು ಕುಡಿಯುತ್ತಿದ್ದರು, ಅದರಲ್ಲೂ ನೊರೆ ಎಂದರೆ ಅವರಿಗೆ ಬಲು ಇಷ್ಟ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿರುವ ಒಂದು ಮಾಯಾ ಪಾತ್ರೆಯ ಮೇಲೆ, ಹೆಂಗಸೊಬ್ಬಳು ನಿಂತುಕೊಂಡು ಪಾನೀಯವನ್ನು ಎತ್ತರದಿಂದ ಇನ್ನೊಂದು ಪಾತ್ರೆಗೆ ಸುರಿಯುವ ಚಿತ್ರವಿದೆ. ಹೋಟೆಲಿನಲ್ಲಿ ಚಹಾ ಎತ್ತಿ ಹೊಯ್ಯುವುದನ್ನು ನೀವು ನೋಡಿಲ್ಲವೇ? ಅರಸರ ಬಟ್ಟಲುಗಳ ಅಂಚಿನಲ್ಲಿ ಒಡೆಯನ ಹೆಸರನ್ನೂ ಬರೆಯುತ್ತಿದ್ದರು.

ಇಂತಹ ಬರಹಕ್ಕೆ ಇಷ್ಟು ಬೆಲೆ ಏಕೆ? 1562ರಲ್ಲಿ ಸ್ಪೇನಿನ ಪಾದ್ರಿ ಡಿಯೆಗೊ ಡಿ ಲಾಂಡಾ ಮಾಯಾ ಪುಸ್ತಕಗಳನ್ನು ರಾಶಿ ಹಾಕಿ ಸುಡಿಸಿದರು. ಇಂದು ಉಳಿದಿರುವ ಮಾಯಾ ಪುಸ್ತಕಗಳು ನಾಲ್ಕೇ ನಾಲ್ಕು. ಮಡಕೆಗಳಾದರೋ ಮಣ್ಣಿನಡಿ ಉಳಿದವು.

ಆ ಗೋರಿಯೂ ಕಳ್ಳರ ಕೈಗೆ ಸಿಕ್ಕಿದ್ದರೆ? ಮಾರುವ ಮೊದಲು ಮಡಕೆಯನ್ನು ತಿಕ್ಕಿ ತೊಳೆದುಬಿಡುತ್ತಿದ್ದರೋ ಏನೋ. ಒಳಗಿನ ಕರೆಯೂ ಆ ನೀರಿನೊಂದಿಗೆ ಹರಿದುಹೋಗುತ್ತಿತ್ತು.