ಕ್ಯಾನ್ಸರ್ ಮದ್ದು ನಾಟಿತೇ? ಪೆಟ್ ಪರೀಕ್ಷೆಯ ಪ್ರಯೋಜನ



ನಿಮ್ಮಲ್ಲೊಬ್ಬರಿಗೆ ಕ್ಯಾನ್ಸರ್ ಬಂದು, ಎರಡು ಸುತ್ತು ಕೀಮೋಥೆರಪಿ ಮುಗಿದಿದೆ ಎಂದು ಭಾವಿಸೋಣ. ತಲೆಗೂದಲು ಉದುರಿದೆ, ಊಟ ಸೇರುತ್ತಿಲ್ಲ, ಗಡ್ಡೆ ಮಾತ್ರ ಇನ್ನೂ ಕೈಗೆ ಸಿಗುತ್ತಿದೆ. ಮದ್ದು ನಾಟಿತೋ ಇಲ್ಲವೋ ಎಂಬ ಸಂಶಯ ಸಹಜ. ಆದರೆ ಆ ಸಂಶಯದಿಂದ ಚಿಕಿತ್ಸೆಯನ್ನು ನಡುವೆಯೇ ಬಿಡುವುದು ಪ್ರಾಣಕ್ಕೆ ಅಪಾಯಕರ.

ಬೂದಿಯನ್ನು ನೋಡಿ ಒಳಗೆ ಕೆಂಡವಿದೆಯೇ ಎಂದು ಹೇಳಲಾಗದು. ಗಡ್ಡೆಯೂ ಹಾಗೆಯೇ, ಅದರ ಗಾತ್ರ ಕುಗ್ಗುವ ಮೊದಲೇ ಒಳಗಿನ ರೋಗ ಆರತೊಡಗಿರಬಹುದು. ಇದನ್ನು ತಿಳಿಯಲು ಕೆಲವು ಬಗೆಯ ಕ್ಯಾನ್ಸರ್‌ಗಳಲ್ಲಿ ಪೆಟ್ ಸ್ಕ್ಯಾನ್ ನೆರವಾಗುತ್ತದೆ.

ಪರೀಕ್ಷೆಯ ವಿಧಾನ

ಅನೇಕ ಕ್ಯಾನ್ಸರ್ ಕೋಶಗಳು ಇತರ ಕೋಶಗಳಿಗಿಂತ ಹೆಚ್ಚು ಸಕ್ಕರೆಯನ್ನು ಹೀರುತ್ತವೆ. ಅಲ್ಪ ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿದ, ಸಕ್ಕರೆಯನ್ನು ಹೋಲುವ ದ್ರವವನ್ನು ರಕ್ತನಾಳಕ್ಕೆ ಚುಚ್ಚಿ, ಸುಮಾರು 1 ಗಂಟೆಯ ವಿಶ್ರಾಂತಿಯ ನಂತರ ಚಿತ್ರ ತೆಗೆಯುತ್ತಾರೆ. ಅದನ್ನು ಹೆಚ್ಚು ಹೀರಿದ ಭಾಗ ಚಿತ್ರದಲ್ಲಿ ಹೊಳೆಯುತ್ತದೆ. ಈ ವಿಕಿರಣ ಸುಮಾರು 110 ನಿಮಿಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ.

ದುಗ್ಧಗ್ರಂಥಿಗಳ ಹಾಜ್‌ಕಿನ್ ಕ್ಯಾನ್ಸರ್‌ನಲ್ಲಿ ಎರಡು ಸುತ್ತಿನ ನಂತರ ಈ ಪರೀಕ್ಷೆ ಮಾಡುವುದುಂಟು. ಹೊಳಪು ಆರಿದ್ದರೆ ಮುಂದಿನ ಮದ್ದನ್ನು ಹಗುರಗೊಳಿಸಬಹುದು. ಉಳಿದಿದ್ದರೆ ಬೇರೆ ಮದ್ದಿಗೆ ಬದಲಾಯಿಸಬಹುದು. ಕ್ಷಯ ಮತ್ತು ಇತರ ಸೋಂಕುಗಳೂ ಹೊಳೆಯುವುದರಿಂದ ನಿರ್ಧಾರವು ವೈದ್ಯರದ್ದೇ ಆಗಿರಬೇಕು. ಹೊಳಪು ಆರಿತೆಂದು ಉಳಿದ ಸುತ್ತುಗಳನ್ನು ನೀವಾಗಿಯೇ ನಿಲ್ಲಿಸಬಾರದು.

ದಂಪತಿಗಳು ಗಮನಿಸಬೇಕಾದುವು

1. ಪರೀಕ್ಷೆಗೆ ಮೊದಲು ಸುಮಾರು 6 ಗಂಟೆ ಆಹಾರ, ಚಹಾ ಬೇಡ, ನೀರು ಕುಡಿಯಬಹುದು.
2. ಸಕ್ಕರೆ ಕಾಯಿಲೆ, ಗರ್ಭಧಾರಣೆ, ಮೊಲೆಹಾಲುಣಿಸುವಿಕೆ ಇದ್ದರೆ ಮುಂಚೆಯೇ ತಿಳಿಸಿರಿ.
3. ಪರೀಕ್ಷೆಯ ದಿನ, ವೈದ್ಯರು ಹೇಳಿದಷ್ಟು ಹೊತ್ತು ಕೂಸುಗಳನ್ನೂ ಗರ್ಭಿಣಿಯರನ್ನೂ ರೋಗಿಯಿಂದ ದೂರವಿರಿಸಿರಿ.
4. ಕೀಮೋಥೆರಪಿಯ ಕಾಲದಲ್ಲಿ, ರೋಗಿ ಗಂಡನಾಗಲಿ ಹೆಂಡತಿಯಾಗಲಿ, ಗರ್ಭಧಾರಣೆಯನ್ನು ತಡೆಯಿರಿ. ಮುಂದೆ ಮಕ್ಕಳು ಬೇಕಿದ್ದರೆ ಮೊದಲ ಸುತ್ತಿಗೆ ಮುನ್ನವೇ ವೈದ್ಯರಿಗೆ ತಿಳಿಸಿರಿ. ಕೆಲವು ಮದ್ದುಗಳು ಸಂತಾನಶಕ್ತಿಯನ್ನು ಕುಂದಿಸುತ್ತವೆ.

ಎಲ್ಲಿ ವಿಚಾರಿಸಬೇಕು?

ಸಿರುಗುಪ್ಪ, ಕುರುಗೋಡು ಭಾಗದವರು ಮೊದಲು ತಮ್ಮ ಸರ್ಕಾರಿ ಆಸ್ಪತ್ರೆಯಲ್ಲಿ, ನಂತರ ಬಳ್ಳಾರಿ ನಗರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ವಿಚಾರಿಸಿರಿ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯಂತಹ ಕ್ಯಾನ್ಸರ್ ಆಸ್ಪತ್ರೆಗೆ ಅಲ್ಲಿಂದ ಚೀಟಿ ಪಡೆಯಿರಿ. ಹೊರಡುವಾಗ ಪಡಿತರ ಚೀಟಿ, ಆಧಾರ್ ಮತ್ತು ಹಿಂದಿನ ಎಲ್ಲ ವರದಿಗಳನ್ನು ಒಯ್ಯಿರಿ. ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯ ನೆರವಿನ ಬಗ್ಗೆ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕೇಳಿರಿ.

ಎಲ್ಲ ರೋಗಿಗಳಿಗೂ ಈ ಪರೀಕ್ಷೆ ಬೇಕಿಲ್ಲ. ಬೇಕೆಂದು ವೈದ್ಯರು ಹೇಳಿದಾಗ ಮುಂದೂಡದಿರಿ; ನಾಟದ ಮದ್ದನ್ನು ಬೇಗ ಬದಲಾಯಿಸಿದಷ್ಟೂ ಒಳಿತು.