ಇನ್‌ಟೇಕ್ ಮ್ಯಾನಿಫೋಲ್ಡ್ ಗ್ಯಾಸ್ಕೆಟ್: ಜೋಡಣೆಯ ಕ್ರಮ ಮತ್ತು ಲೆಕ್ಕದ ಪಾಠ

ಮೋಟಾರು ವಾಹನಗಳ ಬಿಡಿಭಾಗ ತಯಾರಕರು, ಮಾರಾಟಗಾರರು ಮತ್ತು ಗ್ಯಾರೇಜು ನಡೆಸುವವರ ಲೆಕ್ಕಪುಸ್ತಕಗಳನ್ನು ಪರಿಶೀಲಿಸುವಾಗ ಒಂದು ಕೊರತೆ ಪದೇ ಪದೇ ಕಂಡುಬರುತ್ತದೆ. ಒಮ್ಮೆ ಮಾಡಿದ ಕೆಲಸವನ್ನೇ ಉಚಿತವಾಗಿ ಮತ್ತೊಮ್ಮೆ ಮಾಡಿಕೊಟ್ಟುದರ ವೆಚ್ಚಕ್ಕೆ ಬಹುತೇಕ ಪುಸ್ತಕಗಳಲ್ಲಿ ಪ್ರತ್ಯೇಕ ಖಾತೆಯೇ ಇರುವುದಿಲ್ಲ. ಅದು ಕೂಲಿ, ಬಿಡಿಭಾಗ, ಇತರೆ ಖರ್ಚು ಎಂದು ಹಂಚಿಹೋಗಿ ಕಣ್ಮರೆಯಾಗುತ್ತದೆ. ಈ ನಷ್ಟ ಎಲ್ಲಿ ಹುಟ್ಟುತ್ತದೆ, ಅದನ್ನು ತಡೆಯುವ ಬಗೆ ಯಾವುದು ಎಂಬುದನ್ನು ಅರಿಯಲು ಕಾರಿನ ಇನ್‌ಟೇಕ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಒಳ್ಳೆಯ ಉದಾಹರಣೆ. ಗ್ಯಾರೇಜಿನ ಮಾತಿನಲ್ಲಿ ಇದನ್ನೇ ‘ಪ್ಯಾಕಿಂಗ್’ ಎನ್ನುತ್ತಾರೆ.

ಗ್ಯಾಸ್ಕೆಟ್‌ನ ಕೆಲಸ

ಎಂಜಿನ್ನಿನ ಪ್ರತಿಯೊಂದು ಸಿಲಿಂಡರಿಗೂ ಗಾಳಿಯನ್ನು ಹಂಚುವ ಕೊಳವೆಗಳ ಜೋಡಣೆಯೇ ಇನ್‌ಟೇಕ್ ಮ್ಯಾನಿಫೋಲ್ಡ್. ಅದು ಸಿಲಿಂಡರ್ ಹೆಡ್ಡಿಗೆ ಕೂಡುವ ಜಾಗವನ್ನು ಮುಚ್ಚಿ ಭದ್ರಪಡಿಸುವುದು ಗ್ಯಾಸ್ಕೆಟ್‌ನ ಕರ್ತವ್ಯ. ಪೆಟ್ರೋಲ್ ಎಂಜಿನ್ ನಿಧಾನಗತಿಯಲ್ಲಿ ಓಡುವಾಗ ಮ್ಯಾನಿಫೋಲ್ಡಿನೊಳಗಿನ ಒತ್ತಡವು ಹೊರಗಿನ ವಾಯುವಿನ ಒತ್ತಡಕ್ಕಿಂತ ಬಹಳ ಕಡಿಮೆಯಿರುತ್ತದೆ. ಸಮುದ್ರಮಟ್ಟದಲ್ಲಿ ಈ ನಿರ್ವಾತವು ಸಾಮಾನ್ಯವಾಗಿ 450ರಿಂದ 550 ಮಿ.ಮೀ. ಪಾದರಸದಷ್ಟು. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾಯುವಿನ ಒತ್ತಡವೇ ಕಡಿಮೆಯಾದುದರಿಂದ ಗೇಜಿನ ಸೂಚನೆಯೂ ಸುಮಾರು 75 ಮಿ.ಮೀ. ಇಳಿಯುತ್ತದೆ. ಮಂಗಳೂರಿನಲ್ಲಿ ಸರಿಯೆನಿಸುವ ಅಳತೆಯನ್ನು ಬೆಂಗಳೂರಿನಲ್ಲಿ ನಿರೀಕ್ಷಿಸಿ ದೋಷವಿಲ್ಲದ ಗ್ಯಾಸ್ಕೆಟನ್ನು ಬಿಚ್ಚಿಸುವುದು ವ್ಯರ್ಥ ಖರ್ಚು.

ಗ್ಯಾಸ್ಕೆಟ್ ಸರಿಯಾಗಿ ಕೂಡದಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತದೆ. ಇಂಧನದ ಪ್ರಮಾಣ ಕಡಿಮೆಯಾಗಿ ಎಂಜಿನ್ ನಡುಗುತ್ತದೆ, ನಿಧಾನಗತಿಯ ವೇಗ ಏರಿಳಿಯುತ್ತದೆ, ಎಚ್ಚರಿಕೆಯ ದೀಪ ಬೆಳಗುತ್ತದೆ. ಟರ್ಬೊ ಇರುವ ಡೀಸೆಲ್ ಎಂಜಿನ್ನಿನಲ್ಲಿ ಇದಕ್ಕೆ ವಿರುದ್ಧವಾಗಿ ಒತ್ತಡದ ಗಾಳಿ ಹೊರಕ್ಕೆ ಸೋರಿ, ಶಕ್ತಿ ಕುಂದಿ, ಕಪ್ಪು ಹೊಗೆ ಬರುತ್ತದೆ. ಕೆಲವು ಎಂಜಿನ್ನುಗಳಲ್ಲಿ ಮ್ಯಾನಿಫೋಲ್ಡಿನ ಮೂಲಕವೇ ಕೂಲೆಂಟ್ ಹರಿಯುತ್ತದೆ. ಅಲ್ಲಿ ಗ್ಯಾಸ್ಕೆಟ್ ಸೋತರೆ ಕೂಲೆಂಟ್ ಎಂಜಿನ್ ಆಯಿಲಿಗೆ ಬೆರೆತು ಬೇರಿಂಗುಗಳೇ ಹಾಳಾಗಬಹುದು.

ಇದು ಸಣ್ಣ ಗ್ಯಾರೇಜುಗಳ ಸಮಸ್ಯೆ ಮಾತ್ರವಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಕೆಲವು ವಿ-6 ಎಂಜಿನ್ನುಗಳಲ್ಲಿ ನೈಲಾನ್ ಚೌಕಟ್ಟಿನ ಇನ್‌ಟೇಕ್ ಗ್ಯಾಸ್ಕೆಟ್‌ಗಳು ಸೋರಿದುದರ ಬಗ್ಗೆ ಗ್ರಾಹಕರು ಸಾಮೂಹಿಕ ಮೊಕದ್ದಮೆಗಳನ್ನು ಹೂಡಿದರು. 2008ರಲ್ಲಿ ರಾಜಿಯಾಗಿ, ರಿಪೇರಿ ಮಾಡಿಸಿಕೊಂಡ ಗ್ರಾಹಕರಿಗೆ ಸಂಸ್ಥೆಯು ಪರಿಹಾರ ನೀಡಬೇಕಾಯಿತು.

ಜೋಡಣೆಯ ಕ್ರಮ

1. ಎಂಜಿನ್ ಸಂಪೂರ್ಣ ತಣಿದ ಮೇಲೆಯೇ ಮ್ಯಾನಿಫೋಲ್ಡನ್ನು ಬಿಚ್ಚಬೇಕು. ಬಿಚ್ಚಿದ ಕೂಡಲೇ ಗಾಳಿಯ ದ್ವಾರಗಳಿಗೆ ಶುಭ್ರವಾದ ಬಟ್ಟೆಯನ್ನು ತುಂಬಬೇಕು. ಒಳಗೆ ಬಿದ್ದ ಒಂದು ವಾಷರ್ ಇಡೀ ಎಂಜಿನ್ನಿಗೆ ಎರವಾಗಬಲ್ಲದು. ಜೋಡಿಸುವ ಮುನ್ನ ಬಟ್ಟೆಯ ತುಂಡುಗಳನ್ನು ಎಣಿಸಿ ಹೊರತೆಗೆಯಬೇಕು.

2. ಹಳೆಯ ಗ್ಯಾಸ್ಕೆಟ್‌ನ ಅಂಶವನ್ನು ಪ್ಲಾಸ್ಟಿಕ್ ಕೆರೆಪಟ್ಟಿಯಿಂದ ತೆಗೆಯುವುದು ಕ್ಷೇಮ. ಯಂತ್ರಕ್ಕೆ ಕಟ್ಟಿದ ಉಜ್ಜುವ ಡಿಸ್ಕನ್ನು ಅಲ್ಯೂಮಿನಿಯಂ ಮೈಮೇಲೆ ಬಳಸಬಾರದು. ಅದು ಮೈಯನ್ನು ತಗ್ಗು ಮಾಡುತ್ತದೆ. ಉದುರಿದ ಕಣಗಳು ಆಯಿಲಿಗೆ ಸೇರಿ ಬೇರಿಂಗುಗಳನ್ನು ಸವೆಸುತ್ತವೆ. ಕೊನೆಗೆ ಜಿಡ್ಡಿಲ್ಲದಂತೆ ಒರೆಸಬೇಕು.

3. ನೇರ ಉಕ್ಕಿನ ಪಟ್ಟಿಯನ್ನು ಉದ್ದಕ್ಕೂ ಮೂಲೆಯಿಂದ ಮೂಲೆಗೂ ಇಟ್ಟು, ಅಡಿಯಲ್ಲಿ ಫೀಲರ್ ಗೇಜ್ ತೂರಿಸಿ ಮೈ ಸಮವಾಗಿದೆಯೇ ಎಂದು ಅಳೆಯಬೇಕು. ಮಿತಿಯನ್ನು ಆಯಾ ಎಂಜಿನ್ನಿನ ಕೈಪಿಡಿ ತಿಳಿಸುತ್ತದೆ. ಮಿತಿ ಮೀರಿದ ಬಾಗನ್ನು ಯಾವ ಗ್ಯಾಸ್ಕೆಟೂ ಮುಚ್ಚಲಾರದು.

4. ಹೊಸ ಗ್ಯಾಸ್ಕೆಟನ್ನು ಮೊದಲು ಒಣದಾಗಿಯೇ ಇಟ್ಟು, ಎಲ್ಲ ದ್ವಾರಗಳೂ ಬೋಲ್ಟ್ ರಂಧ್ರಗಳೂ ಹೊಂದುತ್ತವೆಯೇ ಎಂದು ನೋಡಬೇಕು. ಬಿಚ್ಚಿದ ಗ್ಯಾಸ್ಕೆಟನ್ನು ಮತ್ತೆ ಬಳಸುವುದು ಉಳಿತಾಯವಲ್ಲ.

5. ‘ಒಂದಿಷ್ಟು ಪೇಸ್ಟ್ ಹಚ್ಚಿದರೆ ಭದ್ರ’ ಎಂಬ ನಂಬಿಕೆ ಬಹಳ ಕಡೆ ಬೇರೂರಿದೆ. ರಬ್ಬರ್ ಅಂಚಿನ ಅಥವಾ ಲೇಪನವಿರುವ ಗ್ಯಾಸ್ಕೆಟ್‌ಗೆ ತಯಾರಕರು ಹೇಳದ ಹೊರತು ಸಿಲಿಕೋನ್ ಪೇಸ್ಟ್ ಹಚ್ಚಬಾರದು. ಅದು ಜಾರುವ ಪದರವಾಗಿ ಗ್ಯಾಸ್ಕೆಟನ್ನು ಜಾಗದಿಂದ ಸರಿಸುತ್ತದೆ. ಸಾಮಾನ್ಯ ಸಿಲಿಕೋನ್ ಪೆಟ್ರೋಲಿನ ಸಂಪರ್ಕದಲ್ಲಿ ಉಬ್ಬಿ ಬಲಗೆಡುತ್ತದೆ. ಒಳಕ್ಕೆ ಹಿಂಡಿದ ತುಣುಕುಗಳು ಗಾಳಿಯೊಂದಿಗೆ ಸಾಗುತ್ತವೆ. ಕೆಲವು ವಿ-ಆಕಾರದ ಎಂಜಿನ್ನುಗಳ ಮೂಲೆಗಳಲ್ಲಿ ಹಾಗೂ ತುದಿಗಳಲ್ಲಿ ಪೇಸ್ಟ್ ಅಗತ್ಯವೇ. ಅಲ್ಲಿಯೂ ಸೆನ್ಸರುಗಳಿಗೆ ಹಾನಿಮಾಡದ ಬಗೆಯನ್ನು, ಹೇಳಿದಷ್ಟೇ ದಪ್ಪಕ್ಕೆ, ಹೇಳಿದ ಸಮಯದೊಳಗೆ ಬಳಸಬೇಕು.

6. ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದ ತಿರುಗಿಸಿ ಕೂರಿಸಬೇಕು. ಬಳಿಕ ನಡುವಿನಿಂದ ಆರಂಭಿಸಿ ಎರಡೂ ತುದಿಗಳತ್ತ, ಅಡ್ಡಡ್ಡವಾಗಿ, ಎರಡು ಮೂರು ಹಂತಗಳಲ್ಲಿ ಟಾರ್ಕ್ ರೆಂಚ್‌ನಿಂದ ಬಿಗಿಯಬೇಕು. ತುದಿಯಿಂದ ಬಿಗಿದರೆ ನಡುವೆ ಉಬ್ಬು ಉಳಿಯುತ್ತದೆ. ಪ್ಲಾಸ್ಟಿಕ್ ಮ್ಯಾನಿಫೋಲ್ಡುಗಳ ಬೋಲ್ಟುಗಳಿಗೆ ಬೇಕಾದ ಬಿಗಿ ಅಲ್ಪ. ತೋಳಿನ ಬಲದಿಂದ ಬಿಗಿದರೆ ಸೀಳುತ್ತದೆ. ಮರೆಗೆ ಎಣ್ಣೆ ತಗುಲಿದ್ದರೆ ಅದೇ ಟಾರ್ಕಿನಲ್ಲಿ ಬೋಲ್ಟ್ ಹೆಚ್ಚು ಎಳೆಯಲ್ಪಡುತ್ತದೆ. ಆದ್ದರಿಂದ ಕೈಪಿಡಿ ಬೇರೆ ಹೇಳದಿದ್ದರೆ ಮರೆ ಒಣದಾಗಿರಬೇಕು. ಕೂಲೆಂಟ್ ಅಥವಾ ಆಯಿಲ್ ಹಾದಿಗೆ ತೆರೆದ ರಂಧ್ರಗಳ ಬೋಲ್ಟಿಗೆ ಕೈಪಿಡಿ ಸೂಚಿಸಿದ ಮರೆಯ ಸೀಲಂಟ್ ಹಚ್ಚಬೇಕು.

7. ಕೊನೆಗೆ ಪರೀಕ್ಷೆ. ಪೆಟ್ರೋಲ್ ಎಂಜಿನ್ನಿಗೆ ನಿರ್ವಾತದ ಗೇಜ್ ಅಥವಾ ಹೊಗೆ ಹಾಯಿಸುವ ಯಂತ್ರ ಉಪಯುಕ್ತ. ನಿರ್ವಾತದ ಸೋರಿಕೆಯಲ್ಲಿ ಗಾಳಿ ಒಳಕ್ಕೆ ಹೋಗುವುದರಿಂದ ಸಾಬೂನು ನೀರು ಗುಳ್ಳೆ ತೋರಿಸದು. ಒತ್ತಡ ಹಾಕಿ ಪರೀಕ್ಷಿಸುವಾಗ ಮಾತ್ರ ಅದು ಪ್ರಯೋಜನಕಾರಿ. ಬಿಸಿ ಎಂಜಿನ್ನಿನ ಮೇಲೆ ಬೇಗ ಹೊತ್ತಿಕೊಳ್ಳುವ ದ್ರವವನ್ನು ಸಿಂಪಡಿಸಿ ನೋಡುವ ರೂಢಿ ಅಪಾಯಕಾರಿ.

ಹಣದ ಲೆಕ್ಕ

ಒಂದು ಕಾಲ್ಪನಿಕ ಲೆಕ್ಕವನ್ನು ನೋಡೋಣ. ಈ ಕೆಲಸಕ್ಕೆ ತೆರಿಗೆ ಬಿಟ್ಟು ರೂ. 3,200 ಬಿಲ್ ಮಾಡಲಾಗಿದೆ ಎನ್ನೋಣ. ಗ್ಯಾಸ್ಕೆಟ್ ಮತ್ತು ಇತರ ಸಾಮಗ್ರಿ ರೂ. 900, ಕೆಲಸಗಾರರ ಕೂಲಿ ರೂ. 900, ಬಾಡಿಗೆ, ವಿದ್ಯುತ್ ಮುಂತಾದವುಗಳ ಪಾಲು ರೂ. 600. ಉಳಿಯುವ ಲಾಭ ರೂ. 800. ಅದೇ ವಾಹನ ಮರಳಿ ಬಂದರೆ ಆದಾಯವಿಲ್ಲದೆ ರೂ. 2,400 ಮತ್ತೆ ವ್ಯಯವಾಗುತ್ತದೆ. ಅಂದರೆ ಮೂರು ಕೆಲಸಗಳ ಲಾಭ. ಬಾಡಿಗೆ ಹೇಗೂ ಕೊಡಬೇಕಾದುದಲ್ಲವೇ ಎಂಬ ಪ್ರಶ್ನೆ ಏಳಬಹುದು. ನಿಜ; ಆದರೆ ಆ ಜಾಗದಲ್ಲಿ ಹಣ ಕೊಡುವ ಮತ್ತೊಂದು ವಾಹನ ನಿಲ್ಲಬಹುದಾಗಿತ್ತು. ಕೆಲವೇ ಸಾವಿರ ರೂಪಾಯಿಯ ಟಾರ್ಕ್ ರೆಂಚ್ ದುಬಾರಿಯೇ ಎಂಬುದನ್ನು ಈ ಹಿನ್ನೆಲೆಯಲ್ಲಿ ಅಳೆಯಬೇಕು.

ಆದ್ದರಿಂದ ‘ಮರುಕೆಲಸ ವೆಚ್ಚ’ ಎಂಬ ಪ್ರತ್ಯೇಕ ಖಾತೆಯನ್ನು ತೆರೆಯುವುದು ಉಚಿತ. ಪ್ರತಿ ಪ್ರಕರಣಕ್ಕೂ ದಿನಾಂಕ, ವಾಹನದ ಸಂಖ್ಯೆ, ಗ್ಯಾಸ್ಕೆಟ್‌ನ ತಯಾರಕರು, ಖರೀದಿ ಬಿಲ್ಲಿನ ಸಂಖ್ಯೆ ಮತ್ತು ಕಾರಣವನ್ನು ದಾಖಲಿಸಬೇಕು. ಆರು ತಿಂಗಳಲ್ಲಿ ದೋಷ ಸರಕಿನದೋ ಕೈಯದೋ ಎಂಬುದು ತಾನಾಗಿಯೇ ಗೋಚರಿಸುತ್ತದೆ.

ಕಾನೂನಿನ ಮೂರು ಅಂಶಗಳು

ತಯಾರಕರು ವಾರಂಟಿ ನೀಡುತ್ತಿದ್ದರೆ ಈ ದಾಖಲೆಗೆ ಇನ್ನೂ ಹೆಚ್ಚಿನ ಬೆಲೆಯುಂಟು. ರೋಟಾರ್ಕ್ ಕಂಟ್ರೋಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ, ಹಿಂದಿನ ಅನುಭವದ ಆಧಾರದ ಮೇಲೆ ವಿಶ್ವಾಸಾರ್ಹವಾಗಿ ಅಂದಾಜು ಮಾಡಿದ ವಾರಂಟಿ ಅವಕಾಶನಿಧಿಯನ್ನು ಆದಾಯ ತೆರಿಗೆಯಲ್ಲಿ ವೆಚ್ಚವೆಂದು ಮಾನ್ಯ ಮಾಡಿತು. ಅಂಕಿಅಂಶವಿಲ್ಲದ ಊಹೆಗೆ ಆ ರಕ್ಷಣೆ ದೊರೆಯದು.

ಎರಡನೆಯದು ಜಿ.ಎಸ್.ಟಿ. ವಾರಂಟಿ ಅವಧಿಯಲ್ಲಿ ಗ್ರಾಹಕರಿಂದ ಪ್ರತ್ಯೇಕ ಹಣ ಪಡೆಯದೆ ಬಿಡಿಭಾಗ ಬದಲಿಸಿಕೊಟ್ಟರೆ ತಯಾರಕರು ಅದರ ಮೇಲೆ ತೆರಿಗೆ ಕಟ್ಟಬೇಕಿಲ್ಲ, ಹೂಡುವಳಿ ತೆರಿಗೆಯ ಜಮೆಯನ್ನೂ ಹಿಂತಿರುಗಿಸಬೇಕಿಲ್ಲ ಎಂದು 17-7-2023ರ ಸುತ್ತೋಲೆ ಸ್ಪಷ್ಟಪಡಿಸಿದೆ. ಆದರೆ ವಿತರಕರು ತಮ್ಮ ದಾಸ್ತಾನಿನಿಂದ ಕೊಟ್ಟು ತಯಾರಕರಿಂದ ಹಣ ವಸೂಲು ಮಾಡಿದರೆ ಆ ಪೂರೈಕೆಗೆ ತೆರಿಗೆ ಅನ್ವಯಿಸುತ್ತದೆ.

ಮೂರನೆಯದು ವರ್ತಕರಿಗೆ ಮುಖ್ಯ. 2020ರಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ದೋಷಯುಕ್ತ ಸರಕಿನ ತಯಾರಕರು ಯಾರೆಂದು ತಿಳಿಯದಿದ್ದರೆ ಮಾರಾಟಗಾರರೇ ಹೊಣೆಗಾರರಾಗಬಹುದು. ಹೆಸರಿಲ್ಲದ, ಬಿಲ್ಲಿಲ್ಲದ ಗ್ಯಾಸ್ಕೆಟ್ ಅಗ್ಗವಾಗಿ ದೊರೆತರೂ ಅದರೊಡನೆ ಬರುವ ಹೊಣೆಗೆ ಬೆಲೆಪಟ್ಟಿಯಲ್ಲಿ ಜಾಗವಿಲ್ಲ.

ತಯಾರಕರು ಪೊಟ್ಟಣದ ಮೇಲೆ ಬ್ಯಾಚ್ ಸಂಖ್ಯೆಯನ್ನೂ, ಬಿಗಿಯುವ ಕ್ರಮ ಹಾಗೂ ಟಾರ್ಕನ್ನು ಸರಳ ಕನ್ನಡದಲ್ಲಿಯೂ ಮುದ್ರಿಸಲಿ. ವರ್ತಕರು ಖರೀದಿ ಬಿಲ್ಲನ್ನು ಬ್ಯಾಚಿನೊಂದಿಗೆ ಕೂಡಿಸಿಡಲಿ. ಗ್ಯಾರೇಜಿನವರು ಬಿಗಿದ ಅಳತೆಯನ್ನು ಜಾಬ್ ಕಾರ್ಡಿನಲ್ಲಿ ಬರೆದು ಸಹಿ ಮಾಡಲಿ. ಇವುಗಳಿಗೆ ತಗಲುವ ವೆಚ್ಚ ಅತ್ಯಲ್ಪ. ಆದರೆ ವಾಹನ ಮರಳಿ ಬಂದ ದಿನ ಹೊಣೆ ಯಾರದೆಂದು ತೀರ್ಮಾನಿಸುವುದು ಈ ಮೂರು ದಾಖಲೆಗಳೇ.